ಡೀಸೆಲ್ ಉಸಿರಿಗೆ ತುಸು ನೀರು

ಡೀಸೆಲ್ ಟ್ಯಾಂಕಿಗೆ ನೀರು ಸೇರಿತೆಂದರೆ ಯಾವ ಡ್ರೈವರಿಗಾದರೂ ಎದೆ ಧಸಕ್ಕೆನ್ನುತ್ತದೆ. ಫಿಲ್ಟರಿನ ಬುಡದಲ್ಲಿ ನೀರು ಬಸಿಯುವ ತಿರುಪು, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ, ನೀರು ನಿಂತ ಅಂಡರ್‌ಪಾಸಿಗೆ ಗಾಡಿ ಇಳಿಸಬಾರದೆಂಬ ಬುದ್ಧಿಮಾತು, ಇವೆಲ್ಲ ಇರುವುದು ನೀರನ್ನು ಎಂಜಿನ್ನಿನಿಂದ ದೂರ ಇಡಲಿಕ್ಕೇ. ಹೀಗಿರುವಾಗ ಹಳೆಯ ಡೀಸೆಲ್ ಕಾರಿನ ಬಾನೆಟ್ ಎತ್ತಿ, ಟರ್ಬೊದಿಂದ ಬರುವ ಗಾಳಿಯ ಕೊಳವೆಗೆ ತೂತು ಕೊರೆದು, ಅಲ್ಲೊಂದು ಸಣ್ಣ ನಾಜಲ್ ಕೂರಿಸಿ, ಬೇಕೆಂದೇ ನೀರು ಸಿಂಪಡಿಸುವವರನ್ನು ಏನೆನ್ನಬೇಕು?

ತಿಳಿದವರು ಎನ್ನಬೇಕು. ನೀರು ಡೀಸೆಲಿನಲ್ಲಿ ಬೆರೆತರೆ ಇಂಜೆಕ್ಟರಿನ ಕೂದಲೆಳೆಯಷ್ಟು ಸೂಕ್ಷ್ಮ ಭಾಗಗಳಿಗೆ ತುಕ್ಕು. ಅದೇ ನೀರು ಮಂಜಿನಷ್ಟು ಸಣ್ಣ ಹನಿಯಾಗಿ ಗಾಳಿಯಲ್ಲಿ ಬೆರೆತರೆ ಅದರ ಕೆಲಸವೇ ಬೇರೆ. ಒಂದು ಗ್ರಾಂ ನೀರು ಆವಿಯಾಗಲು ಎರಡೂಕಾಲು ಸಾವಿರ ಜೂಲ್‌ಗೂ ಹೆಚ್ಚು ಶಾಖ ಬೇಕು. ಆ ಶಾಖವನ್ನು ಅದು ಸುತ್ತಲಿನ ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಮಿಕ್ಕದ್ದೆಲ್ಲ ಈ ಒಂದು ಗುಣದ ವಿಸ್ತಾರ.

ಉಪಾಯ ಹೊಸದೂ ಅಲ್ಲ. ಹಂಗೆರಿಯ ಎಂಜಿನಿಯರ್ ಬಾಂಕಿ ದೋನಾತ್ 1890ರ ದಶಕದಲ್ಲೇ ಎಂಜಿನ್ನಿಗೆ ನೀರು ಸಿಂಪಡಿಸಿ ನೋಡಿದ್ದರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಥಂಡರ್‌ಬೋಲ್ಟ್ ವಿಮಾನದ ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್ 2000 ಅಶ್ವಶಕ್ತಿಯಿಂದ ಸುಮಾರು 2300ಕ್ಕೆ ಏರಿದ್ದು ನೀರಿನ ಬಲದಿಂದ. ಜರ್ಮನ್ನರ ಮೆಸರ್‌ಸ್ಮಿಟ್‌ಗಳು ನೀರು ಮತ್ತು ಮೆಥನಾಲನ್ನು ಸಮಸಮ ಬೆರೆಸಿಕೊಂಡು ಹಾರುತ್ತಿದ್ದವು. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬಿಲ್ ಜೆಟ್‌ಫೈರ್ ಅಂಥದ್ದೇ ಮಿಶ್ರಣವನ್ನು ‘ಟರ್ಬೊ ರಾಕೆಟ್ ಫ್ಲೂಯಿಡ್’ ಎಂಬ ಭರ್ಜರಿ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಮಾಲೀಕರು ಅದನ್ನು ತುಂಬಿಸಲು ಮರೆತರು, ಕಾರು ಸೋತಿತು. 2016ರ ಬಿಎಂಡಬ್ಲ್ಯೂ ಎಂ4 ಜಿಟಿಎಸ್ ಡಿಕ್ಕಿಯಲ್ಲಿ ಐದು ಲೀಟರಿನ ನೀರಿನ ಟ್ಯಾಂಕು ಹೊತ್ತು ಬಂತು. ಅದರ ಹಿಂದಿದ್ದದ್ದು ಬಾಷ್ ಕಂಪನಿಯ ತಂತ್ರಜ್ಞಾನ. ಬೆಂಗಳೂರಿಗರಿಗೆ ಬಾಷ್ ಪರಕೀಯವಲ್ಲ. 1951ರಲ್ಲಿ ಹುಟ್ಟಿ, ಆಡುಗೋಡಿಯಲ್ಲಿ ಬೇರುಬಿಟ್ಟು, ದೇಶದ ಲಾರಿ, ಟ್ರ್ಯಾಕ್ಟರುಗಳಿಗೆ ಡೀಸೆಲ್ ಪಂಪು, ನಾಜಲ್ ಒದಗಿಸಿದ ಮೈಕೋ 2008ರಲ್ಲಿ ಹೆಸರು ಬದಲಿಸಿ ಬಾಷ್ ಲಿಮಿಟೆಡ್ ಆಯಿತು. ಊರೂರಿನ ‘ಪಂಪ್ ನಾಜಲ್’ ರಿಪೇರಿ ಅಂಗಡಿಗಳಲ್ಲಿ ಇವತ್ತಿಗೂ ಬಾಯಿಗೆ ಬರುವುದು ಮೈಕೋ ಎಂಬ ಹೆಸರೇ.

ಆದರೆ ಈ ವಿಮಾನ, ಕಾರುಗಳ ಕಥೆಯೆಲ್ಲ ಪೆಟ್ರೋಲಿನದು. ಅಲ್ಲಿ ನೀರು ನಾಕಿಂಗ್, ಅಂದರೆ ಇಂಧನ ಅಕಾಲದಲ್ಲಿ ತಾನೇ ಹೊತ್ತಿಕೊಳ್ಳುವ ರೋಗ, ತಡೆದು ಶಕ್ತಿ ಹೆಚ್ಚಿಸುತ್ತದೆ. ಡೀಸೆಲಿಗೆ ಆ ರೋಗವಿಲ್ಲ, ಆದ್ದರಿಂದ ಆ ಮದ್ದಿನಿಂದ ಆ ಲಾಭವೂ ಇಲ್ಲ. ಬರೀ ನೀರು ಬಿಟ್ಟು, ಇಂಧನ ಹೆಚ್ಚಿಸದೆ, ‘ಪಿಕಪ್ ಜಾಸ್ತಿಯಾಯಿತು’ ಎನ್ನುವವರ ಮಾತನ್ನು ಪೂರ್ತಿ ನಂಬಬೇಕಿಲ್ಲ. ಡೀಸೆಲಿನಲ್ಲಿ ನೀರಿನ ನಿಜವಾದ ಕೆಲಸ ಕಾವು ಇಳಿಸುವುದು. ಆ ಕೆಲಸಕ್ಕೆ ಕಾರಿನಲ್ಲಿ ಮೊದಲೇ ಒಬ್ಬ ನೌಕರ ಇದ್ದಾನೆ: ಇಜಿಆರ್.

ಸೈಲೆನ್ಸರಿಗೆ ಹೋಗಬೇಕಾದ ಹೊಗೆಯಲ್ಲಿ ಒಂದು ಪಾಲನ್ನು ತಿರುಗಿಸಿ ಮತ್ತೆ ಎಂಜಿನ್ನಿನ ಉಸಿರಿಗೆ ಸೇರಿಸುವ ಏರ್ಪಾಡು ಅದು. ಒಮ್ಮೆ ಉರಿದ ಹೊಗೆಯಲ್ಲಿ ಆಮ್ಲಜನಕ ಕಡಿಮೆ, ಶಾಖ ಹೀರುವ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹೆಚ್ಚು. ಅದು ಬೆರೆತಾಗ ಸಿಲಿಂಡರಿನೊಳಗಿನ ಜ್ವಾಲೆಯ ಉಗ್ರತೆ ತಗ್ಗುತ್ತದೆ. ತಗ್ಗಿಸಲೇಬೇಕು. ಗಾಳಿಯಲ್ಲಿ ಶೇ. 78ರಷ್ಟಿರುವ ಸಾರಜನಕ ಸಾಮಾನ್ಯವಾಗಿ ಯಾರ ಗೊಡವೆಗೂ ಹೋಗದ ಅನಿಲ. ಕಾವು 1500 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಮಾತ್ರ ಅದು ಆಮ್ಲಜನಕದೊಡನೆ ಭರದಿಂದ ಕೂಡಿಕೊಂಡು ನಾಕ್ಸ್ ಎಂಬ ಅನಿಲಗಳಾಗುತ್ತದೆ. ಶ್ವಾಸಕೋಶಕ್ಕೆ ಕೇಡು, ಬಿಸಿಲಿನಲ್ಲಿ ಓಜೋನ್ ಹುಟ್ಟಿಸುವ ಮೂಲ. 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಸಿಕ್ಕಿಬಿದ್ದದ್ದು ಇದೇ ನಾಕ್ಸ್ ಲೆಕ್ಕದಲ್ಲಿ.

ಇಷ್ಟು ಒಳ್ಳೆಯ ಕೆಲಸ ಮಾಡುವ ಇಜಿಆರ್‌ಗೆ ಗ್ಯಾರೇಜುಗಳಲ್ಲಿ ಒಳ್ಳೆಯ ಹೆಸರಿಲ್ಲ. ಫಿಯೆಟ್ ವಿನ್ಯಾಸದ 1248 ಸಿಸಿ ಮಲ್ಟಿಜೆಟ್ ಎಂಜಿನ್ನನ್ನೇ ನೋಡಿ. ಸ್ವಿಫ್ಟ್, ಡಿಜೈರ್, ಇಂಡಿಕಾ ವಿಸ್ಟಾ, ಲೀನಿಯಾ ಹೀಗೆ ಹಲವು ಕಂಪನಿಗಳ ಕಾರುಗಳಲ್ಲಿ ಕೂತು ಒಂದು ಕಾಲದಲ್ಲಿ ದೇಶವನ್ನೇ ಓಡಿಸಿದ ಎಂಜಿನ್ ಅದು. ಲಕ್ಷ ಕಿಲೋಮೀಟರ್ ಓಡಿದ ಅಂಥದೊಂದರ ಇಜಿಆರ್ ವಾಲ್ವ್ ಬಿಚ್ಚಿದರೆ ಒಳಗೆ ಕಪ್ಪು ಮಡ್ಡಿ. ಹೊಗೆಯ ಮಸಿ, ಎಂಜಿನ್ನಿನ ಉಸಿರಿನಲ್ಲಿ ತೇಲಿಬರುವ ಆಯಿಲ್ ಹನಿಗಳ ಜೊತೆ ಕಲೆತು ಮ್ಯಾನಿಫೋಲ್ಡಿನ ಗೋಡೆಗೆ ಪದರ ಪದರವಾಗಿ ಕಟ್ಟಿರುತ್ತದೆ. ಬೆರಳಿಗೆ ಅಂಟಿದರೆ ಸೋಪಿಗೂ ಜಗ್ಗದು. ಆಗ ಮೆಕ್ಯಾನಿಕ್ ಹೇಳುವ ಮಾತು ಎಲ್ಲ ಊರಲ್ಲೂ ಒಂದೇ:

“ಸಾರ್, ಸುಮ್ನೆ ಒಂದು ಪ್ಲೇಟ್ ಇಟ್ಟು ಬ್ಲಾಂಕ್ ಮಾಡಿಸಿಬಿಡಿ. ತಲೆನೋವೇ ಇರಲ್ಲ.”

“ಬೇಡ ಅಣ್ಣ, ಬಿಚ್ಚಿ ಕ್ಲೀನ್ ಮಾಡಿಕೊಡಿ ಸಾಕು.”

ಈ ಎರಡನೆಯ ಉತ್ತರ ಕೊಡುವವರೇ ನೀರಿನ ಹವ್ಯಾಸಕ್ಕೆ ತಕ್ಕವರು. ತಗಡು ಬಡಿದರೆ ಮಡ್ಡಿ ನಿಲ್ಲುತ್ತದೆ, ನಿಜ. ಆದರೆ ಕಣ್ಣಿಗೆ ಕಾಣದ ನಾಕ್ಸ್ ಹಿಂದೆ ಬರುವ ಸ್ಕೂಟರಿನವರ ಮೂಗಿಗೆ ಹೋಗುತ್ತದೆ. ನಮ್ಮ ಎಮಿಷನ್ ಟೆಸ್ಟಿನಲ್ಲಿ ಡೀಸೆಲ್ ಗಾಡಿಗೆ ಅಳೆಯುವುದು ಹೊಗೆಯ ಕಪ್ಪನ್ನು ಮಾತ್ರ. ನಾಕ್ಸ್ ಅಲ್ಲಿ ದಾಖಲಾಗುವುದೇ ಇಲ್ಲ. ಯಾರೂ ಕೇಳದ ಲೆಕ್ಕವನ್ನು ತಾನಾಗಿ ಸರಿಯಿಡುವುದರಲ್ಲಿ ಒಂದು ಘನತೆ ಇದೆ. ಈ ಹವ್ಯಾಸದ ಮೇಲೆ ಪ್ರೀತಿ ಹುಟ್ಟಲು ಅದೊಂದೇ ಕಾರಣ ಸಾಕು.

ಇನ್ನು ಇದರ ಸೊಗಸು. ಹಳೆಯ ಡೀಸೆಲ್ ಕಾರಿನಲ್ಲಿ ಇಜಿಆರ್ ದುಡಿಯುವುದು ಎಂಜಿನ್ನಿಗೆ ಹೊರೆ ಕಡಿಮೆಯಿದ್ದಾಗ: ಸಿಗ್ನಲ್ಲಿನಲ್ಲಿ, ಊರೊಳಗೆ, ಸಮತಟ್ಟು ಹೆದ್ದಾರಿಯಲ್ಲಿ. ಘಾಟಿಯಲ್ಲಿ ಆಕ್ಸಿಲರೇಟರ್ ಒತ್ತಿದೊಡನೆ ಎಂಜಿನ್ನಿಗೆ ಇರುವಷ್ಟೂ ಆಮ್ಲಜನಕ ಬೇಕು, ಆದ್ದರಿಂದ ವಾಲ್ವ್ ಮುಚ್ಚಿಕೊಳ್ಳುತ್ತದೆ. ಕಾವು ಅತಿ ಹೆಚ್ಚಿರುವುದು ಸರಿಯಾಗಿ ಆಗಲೇ. ನೀರಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಹೊರೆ ಇಲ್ಲದ ತಣ್ಣಗಿನ ಎಂಜಿನ್ನಿಗೆ ನೀರು ಬಿಟ್ಟರೆ ಬೆಂಕಿ ಸರಿಯಾಗಿ ಹತ್ತದೆ ಬಿಳಿ ಹೊಗೆ ಬರುತ್ತದೆ. ಪೂರ್ತಿ ಹೊರೆಯಲ್ಲಿ ಬಿಟ್ಟರೆ ಅದು ಸಲೀಸಾಗಿ ಆವಿಯಾಗಿ ಕಾವು ಹೀರುತ್ತದೆ. ಒಬ್ಬರ ಪಾಳಿ ಮುಗಿಯುವಲ್ಲಿ ಇನ್ನೊಬ್ಬರದು ಶುರು. ಈ ಪಾಳಿ ಬದಲಾಗುವ ಗಳಿಗೆಯನ್ನು ಸರಿಯಾಗಿ ಹೊಂದಿಸುವುದರಲ್ಲೇ ಹವ್ಯಾಸಿಯ ಕೈಚಳಕ ಇರುವುದು.

ಸಾಮಾನು ಹೊಂದಿಸುವುದೇ ಅರ್ಧ ಸಂಭ್ರಮ. ರೇಸಿಂಗಿನವರಿಗೆಂದೇ ವಿದೇಶದ ತಯಾರಿ ಕಿಟ್‌ಗಳು ಸಿಗುತ್ತವೆ, ಬೆಲೆ ಜಾಸ್ತಿ. ಬೆಂಗಳೂರಿನ ಜೆ.ಸಿ. ರಸ್ತೆ, ಎಸ್.ಪಿ. ರಸ್ತೆಗಳಲ್ಲಿ ಒಂದು ಶನಿವಾರ ಸುತ್ತಿದವರಿಗೆ ಬೇರೆ ದಾರಿ ಕಾಣುತ್ತದೆ. ಬೆನ್ನಿಗೆ ನೇತುಹಾಕಿಕೊಂಡು ತರಕಾರಿ ಬೆಳೆಗೆ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್ ಇದೆಯಲ್ಲ, ಅದರೊಳಗಿನ ಪುಟ್ಟ ಡಯಾಫ್ರಾಂ ಪಂಪು ಕಾರಿನಂತೆಯೇ 12 ವೋಲ್ಟಿನದು. ನಾಲ್ಕೈದು ಬಾರ್ ಒತ್ತಡವನ್ನು ಆರಾಮಾಗಿ ಕೊಡುತ್ತದೆ. ನರ್ಸರಿಗಳಲ್ಲಿ ಮಂಜು ಸುರಿಸುವ ಹಿತ್ತಾಳೆಯ ನಾಜಲ್, ಆರ್‌ಒ ಫಿಲ್ಟರಿನ ಕಾಲಿಂಚಿನ ಬಿಳಿ ಪೈಪು, ಒಂದು ರಿಲೇ, ಒಂದು ಫ್ಯೂಸು, ಟರ್ಬೊ ಒತ್ತಡಕ್ಕೆ ಸ್ಪಂದಿಸುವ ಪ್ರೆಷರ್ ಸ್ವಿಚ್ಚು. ಬಿಳಿ ಪೈಪು ಎಂಜಿನ್ ಪಕ್ಕದ ಕಾವಿಗೆ ಮೆತ್ತಗಾಗುತ್ತದೆ. ಅಲ್ಲಿಗೆ ಗಾಳಿ ಯಂತ್ರಗಳಿಗೆ ಹಾಕುವ ನೈಲಾನ್ ಪೈಪೇ ಸರಿ.

ನೀರು ಎಷ್ಟು? ಲೆಕ್ಕ ಹಾಕಿದರೆ ತಾನೇ ಸಿಗುತ್ತದೆ. 75 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಪೂರ್ತಿ ಬಲದಲ್ಲಿ ನಿಮಿಷಕ್ಕೆ ಹತ್ತಿರಹತ್ತಿರ 220 ಗ್ರಾಂ ಡೀಸೆಲ್ ಕುಡಿಯುತ್ತದೆ. ಅದರ ಐದನೇ ಒಂದು ಭಾಗ ನೀರು ಎಂದಿಟ್ಟುಕೊಂಡರೆ ನಿಮಿಷಕ್ಕೆ 44 ಗ್ರಾಂ, ಅಂದರೆ ಮೂರು ಟೇಬಲ್ ಚಮಚೆ. ಇಷ್ಟು ಸ್ವಲ್ಪವೇ ಎನಿಸಬಹುದು. ಅದು ಪೂರ್ತಿ ಆವಿಯಾದರೆ ಒಳಹೋಗುವ ಗಾಳಿಯ ಕಾವು 20 ಡಿಗ್ರಿಯ ಆಸುಪಾಸು ಇಳಿಯುತ್ತದೆ. ನಾಜಲಿನ ತೂತು 0.3 ಮಿಲಿಮೀಟರ್ ಇದ್ದರೆ ಸಾಕಾಗುತ್ತದೆ. ಅಂಗಡಿಯವರು ಹೇಳಿದ ಅಳತೆಯನ್ನು ನೆಚ್ಚದೆ, ಪಂಪು ಚಾಲೂ ಮಾಡಿ ಒಂದು ನಿಮಿಷ ಅಳತೆಯ ಲೋಟಕ್ಕೆ ಬಿಟ್ಟು ನೋಡಬೇಕು. ಹನಿ ಹನಿಯಾಗಿ ತೊಟ್ಟಿಕ್ಕಿದರೆ ಆ ನಾಜಲ್ ಬೇಡ. ಕೈ ಅಡ್ಡ ಹಿಡಿದರೆ ಒದ್ದೆ ಮಾಡುವುದಕ್ಕಿಂತ ತಣ್ಣಗೆ ಸೋಕಬೇಕು, ಅಂಥದ್ದು ಬೇಕು. ನೀರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರೇ ಆಗಿರಬೇಕು. ಬೋರ್‌ವೆಲ್ಲಿನ ಗಡಸು ನೀರು ಆ ಸಣ್ಣ ತೂತಿನಲ್ಲಿ ಬಿಳಿ ಸುಣ್ಣ ಕಟ್ಟಲು ಹೆಚ್ಚು ದಿನ ಬೇಡ.

ಇದೇ ಲೆಕ್ಕವನ್ನು ಇನ್ನೊಂದು ಬದಿಯಿಂದ ನೋಡಿದರೆ ಬೆರಗಾಗುವಂಥ ಸಂಗತಿ ಹೊರಬೀಳುತ್ತದೆ. ಮೇಲಿನ ಪ್ರಮಾಣದಲ್ಲಿ ಒಂದು ಕಿಲೋ ಗಾಳಿಗೆ ಬೀಳುವ ನೀರು ಹತ್ತು ಗ್ರಾಂ. ಮಲೆನಾಡಿನ ಆಷಾಢದಲ್ಲಿ, 25 ಡಿಗ್ರಿಯ ತೇವ ತುಂಬಿದ ಗಾಳಿಯಲ್ಲಿ, ಕಿಲೋಗೆ 20 ಗ್ರಾಂ ನೀರಾವಿ ಮೊದಲೇ ಇರುತ್ತದೆ! ಮಳೆಗಾಲದ ರಾತ್ರಿ ಗಾಡಿ ಮೆತ್ತಗೆ ಓಡುತ್ತದೆ ಎಂದು ಲಾರಿ ಡ್ರೈವರುಗಳು ಹೇಳುವ ಮಾತಿಗೂ ಇದಕ್ಕೂ ಎಷ್ಟು ನಂಟೋ, ಪ್ರಯೋಗಾಲಯಗಳಂತೂ ಇದನ್ನು ಗಂಭೀರವಾಗಿಯೇ ತೆಗೆದುಕೊಂಡಿವೆ. ಗಾಡಿಗಳ ನಾಕ್ಸ್ ಅಳೆಯುವಾಗ ಅಂದಿನ ಗಾಳಿಯ ತೇವ ಲೆಕ್ಕಕ್ಕೆ ಬರುತ್ತದೆ, ಕಿಲೋಗೆ 10.71 ಗ್ರಾಂ ತೇವವನ್ನು ಆಧಾರವಾಗಿಟ್ಟು ಫಲಿತಾಂಶವನ್ನು ತಿದ್ದುತ್ತಾರೆ. ತೇವ ಹೆಚ್ಚಿದ ದಿನ ನಾಕ್ಸ್ ಕಡಿಮೆ. ವ್ಯತ್ಯಾಸ ಇಷ್ಟೇ: ಮಳೆಗಾಲದ ಆವಿ ಮೊದಲೇ ಆವಿಯಾಗಿ ಬಂದಿರುವುದರಿಂದ ಜ್ವಾಲೆಯನ್ನು ತಣಿಸುತ್ತದೆಯೇ ಹೊರತು ಒಳಬರುವ ಗಾಳಿಯನ್ನಲ್ಲ. ನಾಜಲಿನ ಹನಿ ಎರಡನ್ನೂ ಮಾಡುತ್ತದೆ. ಸ್ಟಾಕ್‌ಹೋಮ್ ಮತ್ತು ಹೆಲ್ಸಿಂಕಿ ನಡುವೆ ಓಡಾಡುತ್ತಿದ್ದ ‘ಮರಿಯೆಲ್ಲಾ’ ಹಡಗಿನ ಡೀಸೆಲ್ ಎಂಜಿನ್ನಿಗೆ ಎಂಜಿನಿಯರುಗಳು ಮಳೆಗಾಲದ ಗಾಳಿಯನ್ನೇ ಕೃತಕವಾಗಿ ಹುಟ್ಟಿಸಿದರು. ಸಮುದ್ರದ ನೀರನ್ನು ಬಿಸಿಮಾಡಿ, ಒಳಹೋಗುವ ಗಾಳಿಯನ್ನು ಅದರ ಆವಿಯಿಂದ ತೋಯಿಸಿ, ನಾಕ್ಸ್‌ನ ಬಹುಪಾಲನ್ನು ಇಳಿಸಿದರು.

ನಾಜಲ್ ಎಲ್ಲಿ ಕೂರಬೇಕು ಎನ್ನುವುದು ಹವ್ಯಾಸಿಗಳ ಮುಗಿಯದ ಚರ್ಚೆ. ಟರ್ಬೊದ ಮುಂಚೆ ಖಂಡಿತ ಬೇಡ. ನಿಮಿಷಕ್ಕೆ ಲಕ್ಷಕ್ಕೂ ಮೇಲೆ ಸುತ್ತುವ ರೆಕ್ಕೆಗೆ ನೀರಹನಿಯೂ ಮರಳಿನ ಹೊಡೆತ ಕೊಡುತ್ತದೆ. ಗಾಳಿ ಅಳೆಯುವ ಸೆನ್ಸರಿನ ಮುಂಚೆಯೂ ಬೇಡ. ಇಂಟರ್‌ಕೂಲರಿನ ನಂತರ ಎಂಬಲ್ಲಿಗೆ ಎಲ್ಲರೂ ಬಂದು ನಿಲ್ಲುತ್ತಾರೆ. ಜಗಳ ಅಲ್ಲಿಂದಾಚೆಗೆ. ಇಜಿಆರ್ ಹೊಗೆ ಬಂದು ಸೇರುವ ಜಾಗಕ್ಕಿಂತ ಹಿಂದೆಯೋ ಮುಂದೆಯೋ? ಹೊಗೆ ಸೇರಿದ ನಂತರ ಇಟ್ಟರೆ ನಾಜಲಿನ ಮೂತಿಗೆ ಮಸಿ ಮೆತ್ತುತ್ತದೆ. ಸೇರುವ ಮುಂಚೆ, ಒಂದು ಗೇಣಾದರೂ ದೂರದಲ್ಲಿ ಇಟ್ಟರೆ ಹನಿಗೆ ಆವಿಯಾಗಲು ಸಮಯ ಸಿಗುತ್ತದೆ, ನಾಜಲೂ ಶುಭ್ರವಾಗಿರುತ್ತದೆ. ಎರಡನೆಯದೇ ಮೇಲು. ನೀರು ಮ್ಯಾನಿಫೋಲ್ಡಿನ ಮಡ್ಡಿಯನ್ನೆಲ್ಲ ತೊಳೆದುಬಿಡುತ್ತದೆ ಎಂದು ನಂಬುವವರಿದ್ದಾರೆ. ಗಾಳಿಯ ದಾರಿಯಲ್ಲಿ ಒಂದಿಷ್ಟು ಸಡಿಲವಾದೀತು. ಆದರೆ ನೀರು ಹರಿಯುವ ಹೊತ್ತಿಗೆ ಇಜಿಆರ್ ವಾಲ್ವ್ ಮುಚ್ಚಿರುವುದರಿಂದ ಅದರ ಒಳಗಿನ ಕರಿಗೆ ನೀರು ಮುಟ್ಟುವುದೇ ಇಲ್ಲ. ಅದನ್ನು ಬಿಚ್ಚಿ, ಕಾರ್ಬ್ ಕ್ಲೀನರ್ ಹೊಡೆದು, ಬ್ರಷ್ಷಿನಿಂದ ಉಜ್ಜಬೇಕಾದದ್ದೇ.

ಭಯಪಡಬೇಕಾದದ್ದು ಒಂದಕ್ಕೆ. ನೀರಿನ ಡಬ್ಬ ನಾಜಲಿಗಿಂತ ಮೇಲಿದ್ದರೆ, ಪಂಪು ನಿಂತ ಮೇಲೂ ನೀರು ತಾನೇ ಇಳಿದು ರಾತ್ರಿಯಿಡೀ ಕೊಳವೆಯಲ್ಲಿ ಶೇಖರವಾಗುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆದಾಗ ಅದು ಸಿಲಿಂಡರಿಗೆ ನುಗ್ಗುತ್ತದೆ. ನೀರನ್ನು ಒತ್ತಿ ಕುಗ್ಗಿಸಲು ಬರುವುದಿಲ್ಲ. ಬಾಗುವುದು ಕನೆಕ್ಟಿಂಗ್ ರಾಡ್. ಹಾಗಾಗಿ ಡಬ್ಬ ಕೆಳಗಿರಬೇಕು, ನಾಜಲಿನ ಪಕ್ಕದಲ್ಲೇ ಸೊಲೆನಾಯ್ಡ್ ವಾಲ್ವ್ ಇರಬೇಕು, ಪಂಪಿಗೆ ಕರೆಂಟು ನಿಂತೊಡನೆ ಅದು ಮುಚ್ಚಬೇಕು. ಇಲ್ಲಿ ಉಳಿತಾಯ ಮಾಡುವವರು ಈ ಹವ್ಯಾಸಕ್ಕೆ ಕೈಹಾಕದಿರುವುದೇ ಮೇಲು. ಮೆಥನಾಲ್ ಬೆರೆಸುವ ಯೋಚನೆಯನ್ನೂ ಬಿಡಬೇಕು. ಅದು ವಿಷ, ಬೆಂಕಿಗೂ ಸಲೀಸು. ವಾರಂಟಿ ಇರುವ ಕಾರಿಗೂ ಇದು ಸಲ್ಲದು.

ಪರೀಕ್ಷೆಗೆ ಶಿರಾಡಿ ಘಾಟಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಗುಂಡ್ಯ ಬಿಟ್ಟು ಸಕಲೇಶಪುರದ ಕಡೆ ಏರತೊಡಗಿದಾಗ, ಎಂಜಿನ್ ಕಂಪ್ಯೂಟರಿನ ಮಾಹಿತಿ ಕೊಡುವ ಒಬಿಡಿ ಸಾಕೆಟ್ಟಿಗೆ ಸಿಕ್ಕಿಸಿದ ಪುಟ್ಟ ರೀಡರ್ ಪಕ್ಕದ ಸೀಟಿನವರ ಮೊಬೈಲಿಗೆ ಅಂಕಿ ಕಳಿಸುತ್ತಿರುತ್ತದೆ. ಇಜಿಆರ್ ಎಷ್ಟು ಶೇಕಡಾ ತೆರೆದಿದೆ, ಟರ್ಬೊ ಒತ್ತಡ ಎಷ್ಟು, ಒಳಹೋಗುವ ಗಾಳಿಯ ಕಾವು ಎಷ್ಟು. ಮುಂದೆ ಟ್ಯಾಂಕರ್, ಥರ್ಡ್ ಗೇರಿನಲ್ಲಿ ಕಾಲು ಒತ್ತಿದೊಡನೆ ಇಜಿಆರ್ ಅಂಕಿ ಸರ್ರನೆ ಸೊನ್ನೆಗೆ ಇಳಿಯುತ್ತದೆ. ಅರೆಕ್ಷಣದ ನಂತರ ಡಿಕ್ಕಿಯಿಂದ ಪಂಪಿನ ‘ಟರ್ರ್’ ಸದ್ದು. ಅಂಕಿ ಸೊನ್ನೆಗೆ ಬರುವ ಮುಂಚೆಯೇ ಪಂಪು ಕೂಗಿದರೆ ಹೊಗೆಯೂ ನೀರೂ ಒಟ್ಟಿಗೆ ನುಗ್ಗಿ ಗಾಡಿ ಮುಗ್ಗರಿಸುತ್ತದೆ, ಪ್ರೆಷರ್ ಸ್ವಿಚ್ಚಿನ ತಿರುಪನ್ನು ಒಂದು ಸುತ್ತು ಬಿಗಿಮಾಡಬೇಕು. ತೀರ ತಡವಾಗಿ ಕೂಗಿದರೆ ಸಡಿಲಿಸಬೇಕು. ದೋಣಿಗಲ್ ಬರುವುದರೊಳಗೆ ಎರಡು ಕಡೆ ಗಾಡಿ ಬದಿಗೆ ಹಾಕಿ ತಿರುಪು ತಿರುಗಿಸಿ, ಮೂರನೆಯ ಏರಿನಲ್ಲಿ ಎರಡೂ ಕೂಡಿಬಂದಾಗ ಆಗುವ ಖುಷಿಗೆ ಹೆಚ್ಚಿನ ಪಿಕಪ್ ಸಾಟಿಯಲ್ಲ.

2020ರ ಏಪ್ರಿಲಿನಿಂದ ಬಂದ ಬಿಎಸ್-6 ಕಾರುಗಳಿಗೆ ಇದರ ಅಗತ್ಯ ಇಲ್ಲ. ಅವುಗಳಲ್ಲಿ ಕೆಲವು ಡಿಇಎಫ್ ಎಂಬ ದ್ರವದ ಟ್ಯಾಂಕು ಹೊತ್ತು ಓಡುತ್ತವೆ. ಅದರಲ್ಲಿ ಶೇ. 32.5 ಯೂರಿಯಾ, ಮಿಕ್ಕದ್ದು ಶುದ್ಧ ನೀರು. ಸಿಂಪಡಿಸುವುದು ಒಳಬರುವ ಗಾಳಿಗಲ್ಲ, ಹೊರಹೋಗುವ ಹೊಗೆಗೆ, ಹುಟ್ಟಿದ ನಾಕ್ಸ್ ಅನ್ನು ಮತ್ತೆ ಸಾರಜನಕವಾಗಿ ಒಡೆಯಲಿಕ್ಕೆ. ನಾಜಲ್, ಪಂಪು, ಲೆಕ್ಕ ಹಾಕಿ ಬಿಡುವ ಹನಿ ಎಲ್ಲ ಅಲ್ಲಿಯೂ ಇವೆ, ಆದರೆ ಕಂಪ್ಯೂಟರಿನ ಹಿಡಿತದಲ್ಲಿ, ಸ್ಪ್ಯಾನರಿಗೆ ಎಟುಕದಂತೆ. ಕೈಗೆ ಎಟುಕುವುದು ಹಳೆಯ ಬಿಎಸ್-3, ಬಿಎಸ್-4 ಕಾರುಗಳೇ. ಒಂದನ್ನು ಇಟ್ಟುಕೊಂಡು ಶುರುಮಾಡುವವರು ಸಿಗುವ ಅತಿ ಸಣ್ಣ ನಾಜಲಿನಿಂದ ತೊಡಗಲಿ. ತಿಂಗಳಾದ ಮೇಲೆ ಹೋಸ್ ಕ್ಲಿಪ್ ಸಡಿಲಿಸಿ, ಕೊಳವೆ ಕಳಚಿ, ಟಾರ್ಚ್ ಬಿಟ್ಟು ಮ್ಯಾನಿಫೋಲ್ಡಿನ ಬಾಯಿ ನೋಡಲಿ: ತಳದಲ್ಲಿ ನೀರಿನ ಪಸೆ ಇದ್ದರೆ ನಾಜಲ್ ಇನ್ನೂ ದೊಡ್ಡದಾಯಿತು, ಮಸಿ ಒಣಗಿದ್ದರೆ ಅಳತೆ ಸರಿಯಿದೆ.