ಮಗಳಿಗೊಬ್ಬ ಗುರು

ನಮ್ಮ ನಂದೂರಿನಿಂದ ಕಲಬುರಗಿ ಬಹಳ ದೂರವೇನಲ್ಲ. ಆದರೆ ಮಗಳಿಗೆ ಪಿಟೀಲು ಕಲಿಸುವ ಒಬ್ಬರನ್ನು ಅಲ್ಲಿ ಹುಡುಕಲು ನನಗೆ ಹತ್ತು ತಿಂಗಳು ಹಿಡಿಯಿತು.

ಶಾಲೆಯ ಕಾರ್ಯಕ್ರಮವೊಂದರಲ್ಲಿ ಕೇಳಿದಂದಿನಿಂದ ಅವಳಿಗೆ ಅದರದ್ದೇ ಗುಂಗು. ತಬಲಾ, ಹಾರ್ಮೋನಿಯಂ ಹೇಳಿಕೊಡುವವರು ಸಿಕ್ಕರು. ಪಿಟೀಲು ಎಂದೊಡನೆ ಎಲ್ಲರೂ ಇನ್ನೊಬ್ಬರತ್ತ ಕೈ ತೋರಿಸಿದರು. ಆ ಇನ್ನೊಬ್ಬರು ಊರು ಬಿಟ್ಟಿದ್ದರು, ಇಲ್ಲವೇ ಕಲಿಸುವುದನ್ನೇ ಬಿಟ್ಟಿದ್ದರು. ಬೇಸತ್ತು ಅಗ್ಗದ ಪಿಟೀಲೊಂದನ್ನು ತಂದುಕೊಟ್ಟು, 'ಮೊಬೈಲ್ ನೋಡಿ ಕಲಿ' ಎಂದೆ. ಆರು ತಿಂಗಳಲ್ಲಿ ಎರಡು ಹಾಡು ಬಂದವು, ಜೊತೆಗೆ ಮಣಿಕಟ್ಟಿನ ನೋವೂ ಬಂತು.

ಮನೆಯಲ್ಲಿ ಅಮ್ಮಿಯ ತಕರಾರು ಬೇರೆ. ಹೆಣ್ಣುಮಗುವಿಗೆ ಇದೆಲ್ಲ ಯಾಕೆ ಎಂದು ದಿನವೂ ಗೊಣಗುತ್ತಿದ್ದರು. ನಾನು ವಾದಕ್ಕಿಳಿಯಲಿಲ್ಲ. ಸಂಗೀತದ ವಿಷಯದಲ್ಲಿ ನಮ್ಮ ಹಿರಿಯರಲ್ಲೇ ಭಿನ್ನಾಭಿಪ್ರಾಯಗಳಿವೆ. ಆದರೆ ನಾನು ಬಂದೇನವಾಜರ ಉರುಸಿನ ಕವ್ವಾಲಿ ಕೇಳುತ್ತ ಬೆಳೆದವನು. ಕಿರಾನಾದ ಅಬ್ದುಲ್ ಕರೀಂ ಖಾನರು ಕುಂದಗೋಳದ ಸವಾಯಿ ಗಂಧರ್ವರಿಗೆ ಕಲಿಸಿದ್ದನ್ನು ಬಲ್ಲವನು. ಗದಗಿನ ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟರು. ಗ್ವಾಲಿಯರ್, ಜಲಂಧರ್ ಎಂದು ಅಲೆದರು. ಕೊನೆಗೆ ಗುರು ಸಿಕ್ಕಿದ್ದು ತಮ್ಮೂರಿಗೆ ಸಮೀಪದ ಕುಂದಗೋಳದಲ್ಲಿ, ಅದೇ ಸವಾಯಿ ಗಂಧರ್ವರಲ್ಲಿ!

ನನಗೂ ಹಾಗೇ ಆಯಿತು. ತಬಲಾಕ್ಕೆ ಚರ್ಮ ಹಾಕುವ ಚಾಚಾ ಒಬ್ಬರು, 'ಬ್ರಹ್ಮಪುರದಾಗ ಒಬ್ರು ಹಿರಿಯರು ಅದಾರ, ಹೋಗಿ ಕೇಳ್ರಿ' ಎಂದರು. ಯಾರು ಏನು ನುಡಿಸುತ್ತಾರೆಂಬುದು ವಾದ್ಯ ರಿಪೇರಿಯವರಿಗೆ ಗೊತ್ತಿರುತ್ತದೆ ಎಂಬುದು ನನಗೆ ಮೊದಲೇ ಹೊಳೆಯಬೇಕಿತ್ತು.

ಆ ಹಿರಿಯರು ಫೀಸಿನ ಮಾತೆತ್ತಲಿಲ್ಲ. ಮಗಳ ಕೈ ನೋಡಿದರು. ಮೊಬೈಲಿನಲ್ಲಿ ನೋಡಿದಂತೆ ಅವಳು ನಿಂತು, ಪಿಟೀಲನ್ನು ಗಲ್ಲದಡಿ ಒತ್ತಿ ಹಿಡಿದಿದ್ದಳು. ಅವರು ಚಾಪೆಯ ಮೇಲೆ ಕೂರಿಸಿ, ಪಿಟೀಲಿನ ತುದಿಯನ್ನು ಬಲಗಾಲಿನ ಮೇಲೆ ಊರಿಸಿದರು. ಎಡಗೈ ಹಗುರಾಯಿತು. 'ಸಾಹೇಬರೆ, ಮೊದಲ ಕಲಿತದ್ದು ಮರೀಬೇಕು. ನಾಲ್ಕು ತಿಂಗಳು ಬರೇ ಸಾ, ಪಾ. ತಡೀತೀರೇನು?' ಎಂದರು. ಐರ್ಲೆಂಡಿನ ಹಳ್ಳಿಗಳಲ್ಲೂ ಇದೇ ವಾದ್ಯವನ್ನು ಹೆಚ್ಚಾಗಿ ಹಿರಿಯರೆದುರು ಕೂತು, ಕಿವಿಯಿಂದಲೇ ಕಲಿಯುತ್ತ ಬಂದಿದ್ದಾರೆ. ಕೈ ತಪ್ಪಿದಾಗ ತಿದ್ದಲು ಎದುರಿಗೊಬ್ಬರು ಇರಲೇಬೇಕು.

ಅವರಿಗೆ ನನ್ನ ಮಗಳೊಬ್ಬಳೇ ಶಿಷ್ಯೆ. ಗುರುದಕ್ಷಿಣೆ ಏನೆಂದು ಕೇಳಿದೆ. 'ನನಗ ವಯಸ್ಸಾಗ್ಯದ. ಇಕಿ ಮುಂದ ಇನ್ನೊಬ್ಬರಿಗೆ ಹೇಳಿಕೊಡಲಿ, ಅಷ್ಟ ಸಾಕು' ಎಂದರು.

ಈಗ ಪ್ರತಿ ಭಾನುವಾರ ನಾವಿಬ್ಬರೂ ಬಸ್ಸು ಹತ್ತುತ್ತೇವೆ. ಅಮ್ಮಿ ಇನ್ನೂ ಒಪ್ಪಿಲ್ಲ, ಆದರೆ ಹೊರಡುವ ಹೊತ್ತಿಗೆ ಬುತ್ತಿ ಕಟ್ಟಿಡುತ್ತಾರೆ. ನಿಮ್ಮೂರಿನ ಯಾವುದೋ ಓಣಿಯಲ್ಲೂ ಶಿಷ್ಯರಿಲ್ಲದ ಗುರುವೊಬ್ಬರು ಇರಬಹುದು. ಒಮ್ಮೆ ವಿಚಾರಿಸಿ ನೋಡಿ.