ಅಣ್ಣನ ಕೋಟು

ರಾತ್ರಿ ಊಟಕ್ಕೆ ಕುಳಿತಾಗ ಮಗಳು ಅಪ್ಪನ ತಟ್ಟೆಯ ಪಕ್ಕದಲ್ಲಿ ಅಂಗೈಯಗಲದ ಒಂದು ರಟ್ಟನ್ನು ಇಟ್ಟಳು. ನಡುವೆ ಕಪ್ಪು ವೃತ್ತ, ಅದರೊಳಗೆ ಒಂದರೊಳಗೊಂದು ಗೆರೆಗಳು, ನಟ್ಟನಡುವೆ ಬಿಳಿಯ ಚುಕ್ಕೆ. ಅಪ್ಪ ಬೆಂಗಳೂರಿನ ಒಂದು ಮುದ್ರಣಾಲಯದಲ್ಲಿ ಇಪ್ಪತ್ತು ವರ್ಷಗಳಿಂದ ಯಂತ್ರ ನಡೆಸುವವರು. ರಟ್ಟನ್ನು ದೀಪಕ್ಕೆ ಹಿಡಿದು, "ಚುಕ್ಕೆ ಅರ್ಧ ಮಿಲಿಮೀಟರ್ ಇದ್ದೀತು. ಪುಸ್ತಕದ ಪೂರ್ಣವಿರಾಮದಷ್ಟು" ಎಂದರು.

"ಅದಕ್ಕೇ ಹೊಡೀಬೇಕಪ್ಪಾ. ಹತ್ತು ಮೀಟರ್ ದೂರದಿಂದ, ನಿಂತುಕೊಂಡು."

ಒಂಬತ್ತನೇ ತರಗತಿಯ ಹುಡುಗಿ. ಎನ್.ಸಿ.ಸಿ. ಶಿಬಿರದಲ್ಲಿ ಮೊದಲ ಸಲ ರೈಫಲ್ ಹಿಡಿದಿದ್ದಳು. ಅವಳ ಕೈ ಸ್ಥಿರವಾಗಿದೆ, ಎಲ್ಲಿಯಾದರೂ ಏರ್ ರೈಫಲ್ ಕಲಿಸಿರಿ ಎಂದು ಅಲ್ಲಿನ ಅಧಿಕಾರಿ ಹೇಳಿ ಕಳುಹಿಸಿದ್ದರು. ಆ ಒಂದು ಮಾತು ಮನೆಯ ನೆಮ್ಮದಿಯನ್ನು ಕಲಕಿಬಿಟ್ಟಿತು.

ಅಪ್ಪ ನಾಲ್ಕಾರು ಕಡೆ ವಿಚಾರಿಸಿ, ಕರಡಚ್ಚಿನ ಹಾಳೆಯ ಬೆನ್ನಿಗೆ ಲೆಕ್ಕ ಬರೆದರು. ಸ್ಪರ್ಧೆಗಳಲ್ಲಿ ಕಾಣುವ ಫೈನ್‌ವರ್ಕ್‌ಬೌ, ವಾಲ್ಥರ್, ಸ್ಟೈಯರ್ ಮುಂತಾದ ವಿದೇಶಿ ರೈಫಲ್‌ಗಳ ಬೆಲೆ ಎರಡು ಲಕ್ಷವನ್ನೂ ದಾಟುತ್ತದೆ. ದಪ್ಪ ಕ್ಯಾನ್ವಾಸಿನ ಕೋಟು, ಅದೇ ಬಗೆಯ ಪ್ಯಾಂಟು, ಚಪ್ಪಟೆ ಅಡಿಯ ಬೂಟು, ಕೈಗವಸು ಸೇರಿದರೆ ಮತ್ತೆ ಹತ್ತಾರು ಸಾವಿರ. ಪೆಲೆಟ್ ಎಂಬ ಸೀಸದ ಪುಟ್ಟ ಗುಂಡುಗಳು ಡಬ್ಬಿಗೆ ಐನೂರರಂತೆ ಬರುತ್ತವೆ. ಒಮ್ಮೆ ಹೊಡೆದದ್ದು ಮತ್ತೆ ಬಾರದು. ಇದರ ಮೇಲೆ ರೇಂಜಿನ ಶುಲ್ಕ, ತರಬೇತಿಯ ಶುಲ್ಕ. ಕೂಡಿಸಿದರೆ ಸರಿಸುಮಾರು ಅಪ್ಪನ ಒಂದು ವರ್ಷದ ಸಂಬಳ!

"ಪಿ.ಎಫ್. ಸಾಲ ತೆಗೆದರೆ ಆದೀತು" ಎಂದರು ಅಪ್ಪ.

"ರೀ, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಆ ದುಡ್ಡು ಅವಳ ಪಿಯುಸಿಗೆ ಅಂತ ಇಟ್ಟಿದ್ದಲ್ಲವಾ?" ಎಂದರು ಅಮ್ಮ. ಮಗಳು ತಲೆ ತಗ್ಗಿಸಿ ಅನ್ನ ಕಲಸುತ್ತಲೇ ಇದ್ದಳು.

ಅಪ್ಪನ ಮನಸ್ಸಿನಲ್ಲಿ ಪತ್ರಿಕೆಗಳಲ್ಲಿ ಓದಿದ ಕಥೆಗಳಿದ್ದವು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹತ್ತು ಮೀಟರ್ ಏರ್ ರೈಫಲ್ ಕಂಚು ಗೆದ್ದ ಗಗನ್ ನಾರಂಗ್ ಅವರಿಗೆ ರೈಫಲ್ ಕೊಡಿಸಲು ತಂದೆ ನಿವೇಶನವನ್ನೇ ಮಾರಿದ್ದರಂತೆ. 2024ರಲ್ಲಿ ಪ್ಯಾರಿಸ್‌ನಲ್ಲಿ ಐವತ್ತು ಮೀಟರ್ ರೈಫಲ್ ಕಂಚು ತಂದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಅವರ ತಂದೆ ಶಾಲಾ ಶಿಕ್ಷಕರು. ಮಗನ ಗುಂಡುಗಳ ಖರ್ಚಿಗೆ ಸಾಲ ಮಾಡಿದವರು. ಅವರೆಲ್ಲ ಮಾಡಿದ್ದನ್ನು ತಾನು ಮಾಡದಿದ್ದರೆ ಹೇಗೆ ಎಂಬುದು ಅಪ್ಪನ ಸಂಕಟ.

ಭಾನುವಾರ ಇಬ್ಬರೂ ಒಂದು ಕ್ಲಬ್ಬಿಗೆ ಹೋದರು. ತರಬೇತುದಾರರು ಸೈನ್ಯದಿಂದ ನಿವೃತ್ತರಾದ ಹಿರಿಯರು. ಅಪ್ಪ ಸಾಲದ ಮಾತೆತ್ತುತ್ತಲೇ ಅವರು ಕೈ ಅಡ್ಡ ಹಿಡಿದರು.

"ನೋಡಿ ಸ್ವಾಮಿ, ಪದಕ ಬಂದ ಮನೆಯ ಸಾಲ ಪೇಪರಿನಲ್ಲಿ ಬರುತ್ತದೆ. ಪದಕ ಬಾರದ ಮನೆಯ ಸಾಲ ಬ್ಯಾಂಕಿನ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಒಂದು ವರ್ಷ ಏನನ್ನೂ ಕೊಳ್ಳಬೇಡಿ."

ಅಪ್ಪನಿಗೆ ನಂಬಿಕೆ ಬರಲಿಲ್ಲ. ಕ್ಲಬ್ಬಿನ ಹಳೆಯ ರೈಫಲ್‌ನ ಮರದ ಹಿಡಿಯ ಬಣ್ಣ ಮಾಸಿತ್ತು. ಅದರಲ್ಲಿ ಕಲಿತು ಮಗಳು ಏನು ಸಾಧಿಸಿಯಾಳು? ಅವರ ಮುಖ ನೋಡಿದ ಹಿರಿಯರು ಆ ರೈಫಲನ್ನು ಮೇಜಿನ ಮೇಲಿನ ವೈಸಿಗೆ ಬಟ್ಟೆ ಸುತ್ತಿ ಬಿಗಿದರು. ಅಲುಗಾಡದಂತೆ ಐದು ಸಲ ಹೊಡೆದು ರಟ್ಟನ್ನು ತರಿಸಿದರು. ಐದು ಗುಂಡಿಗೂ ಇದ್ದದ್ದು ಒಂದೇ ತೂತು!

"ರೈಫಲ್ ತಪ್ಪುವುದಿಲ್ಲ ಸ್ವಾಮಿ, ಹಿಡಿದವರು ಅಲುಗುತ್ತಾರೆ. ಮೊದಲು ಈ ಹುಡುಗಿ ವೈಸ್ ಆಗಲಿ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಕ್ರೀಡೆಯಲ್ಲಿ ನೆಲ ಎಷ್ಟು ನೇರವಾಗಿದೆ ಎಂಬುದನ್ನು ಶಾಲೆಯ ಗಣಿತವೇ ತೋರಿಸುತ್ತದೆ. ರೈಫಲ್‌ನ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ 80 ಸೆಂಟಿಮೀಟರ್ ಅಂತರವಿದೆ ಎಂದುಕೊಳ್ಳೋಣ. ಗುರಿ ಇರುವುದು 10 ಮೀಟರ್, ಅಂದರೆ ಆ ಅಂತರದ ಹನ್ನೆರಡೂವರೆ ಪಟ್ಟು ದೂರದಲ್ಲಿ. ಹತ್ತನೇ ತರಗತಿಯ ಸಮರೂಪ ತ್ರಿಭುಜಗಳನ್ನು ನೆನೆಯಿರಿ. ಮುಂದಿನ ಸೈಟು 0.2 ಮಿಲಿಮೀಟರ್ ಸರಿದರೆ ಗುರಿಯಲ್ಲಿ 2.5 ಮಿಲಿಮೀಟರ್ ವ್ಯತ್ಯಾಸ. ಗೆರೆಯಿಂದ ಗೆರೆಗೆ ಇರುವ ಅಂತರವೂ ಅಷ್ಟೇ. ಎರಡು ಕೂದಲೆಳೆಯಷ್ಟು ಅಲುಗಿದರೆ ಒಂದು ಅಂಕ ಹೋಯಿತು! ಉಸಿರು, ಎದೆಬಡಿತ, ಟ್ರಿಗರ್ ಎಳೆಯುವ ಬೆರಳಿನ ಅವಸರ ಇವೇ ಅಲುಗಿಸುವವು. ಇವನ್ನು ಸರಿಪಡಿಸುವ ಯಂತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಹಾಗಾದರೆ ಬೆಲೆಬಾಳುವ ಸಾಧನ ವ್ಯರ್ಥವೇ? ಅಲ್ಲ. ಹತ್ತಕ್ಕೆ ಹತ್ತು ಬೀಳತೊಡಗಿದ ಮೇಲೆ ಅದರ ಅಗತ್ಯ ಬರುತ್ತದೆ. 2013ರಿಂದ ದೊಡ್ಡ ಸ್ಪರ್ಧೆಗಳ ಏರ್ ರೈಫಲ್‌ನಲ್ಲಿ ಒಂದು ಗುಂಡಿಗೆ 10.9ರವರೆಗೆ ದಶಮಾಂಶದ ಅಂಕಗಳಿವೆ. ಅರುವತ್ತು ಗುಂಡಿಗೆ ಗರಿಷ್ಠ 654. ಆ ಹಂತದಲ್ಲಿ ಕೂದಲೆಳೆಯ ಭಾಗವೂ ಲೆಕ್ಕಕ್ಕೆ ಬರುತ್ತದೆ. ಆದರೆ ಏಳು ಎಂಟಕ್ಕೆ ಹೊಡೆಯುವ ಹೊಸಬರಿಗೆ ಅದರ ಗೊಡವೆ ಬೇಕಿಲ್ಲ. ಕೋಟಿನ ವಿಷಯವಂತೂ ಇನ್ನೂ ಸ್ಪಷ್ಟ. ಅದು ಮೈಗೆ ಸರಿಯಾಗಿ ಕೂಡಬೇಕು. ಬೆಳೆಯುವ ವಯಸ್ಸಿನ ಮಕ್ಕಳಿಗೆ ಈ ವರ್ಷ ಹೊಲಿಸಿದ್ದು ಬರುವ ವರ್ಷಕ್ಕೆ ಆಗುವುದಿಲ್ಲ.

ಕಲಿಕೆ ಆರಂಭವಾಯಿತು. ಮೊದಲ ಪಾಠ, ರೈಫಲ್‌ನ ಮೂತಿ ಸದಾ ಗುರಿಯ ಕಡೆಗೇ ಇರಬೇಕು. ಎರಡನೆಯದು, ಸೀಸ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಏನನ್ನೂ ತಿನ್ನಬಾರದು. ಮೂರನೆಯದು ಹುಡುಗಿಗೆ ಬೇಸರ ತಂದ ಪಾಠ. ತಿಂಗಳುಗಟ್ಟಲೆ ಗುಂಡಿಲ್ಲದೆ ಗುರಿ ಹಿಡಿದು ಟ್ರಿಗರ್ ಎಳೆಯುವುದು! ಅದಕ್ಕೆ ಕಾಸಿನ ಖರ್ಚಿಲ್ಲ, ಆದರೆ ತಾಳ್ಮೆಯ ಖರ್ಚು ಬಹಳ. ದಿನಕ್ಕೆ ಒಂದು ಗಂಟೆ ಹೀಗೆ, ಆಮೇಲೆ ನಲವತ್ತು ಪೆಲೆಟ್. ಮನೆಗೆ ಬಂದು ನೋಟುಪುಸ್ತಕದಲ್ಲಿ ಆ ದಿನದ ತಪ್ಪುಗಳನ್ನು ಬರೆಯಬೇಕು.

ಎಂಟು ತಿಂಗಳ ನಂತರ ಮೊದಲ ಸ್ಪರ್ಧೆ. ಕ್ಲಬ್ಬಿನ ಕೋಟು ಅವಳಿಗೆ ಎರಡು ಅಳತೆ ದೊಡ್ಡದು. ತೋಳು ಮಡಚಿಕೊಂಡು ಸಾಲಿನಲ್ಲಿ ನಿಂತಾಗ ಹಿಂದಿನಿಂದ ಯಾರೋ ಪಾಲಕರೊಬ್ಬರು, "ಏನಮ್ಮಾ, ಅಣ್ಣನ ಕೋಟಾ?" ಎಂದು ನಕ್ಕರು. ಅವರಿಗೆ ಅದು ತಮಾಷೆ. ಹುಡುಗಿಯ ಕಿವಿ ಕೆಂಪಾಯಿತು. ಮೊದಲ ಹತ್ತು ಗುಂಡಿಗೆ ಬಂದದ್ದು 82. ಅಭ್ಯಾಸದಲ್ಲಿ ಅಷ್ಟು ಕಡಿಮೆ ಎಂದೂ ಬಂದಿರಲಿಲ್ಲ. ಹಿಂದೆ ಕುಳಿತ ಅಪ್ಪನಿಗೆ, ಸಾಲ ಮಾಡಿ ಕೋಟು ಕೊಡಿಸಿದ್ದರೆ ಈ ಮಾತು ಕೇಳಬೇಕಾಗಿರಲಿಲ್ಲ ಎಂದು ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು.

ಅವಳು ಬಿಟ್ಟು ಬರಲಿಲ್ಲ. ಅರುವತ್ತೂ ಹೊಡೆದಳು. ಫಲಿತಾಂಶದ ಹಾಳೆಯಲ್ಲಿ ಹೆಸರು ಬಹಳ ಕೆಳಗಿತ್ತು. ಬ್ಯಾಗು ಹೆಗಲಿಗೇರಿಸಿ ಹೊರಟವಳನ್ನು, ಅಂದು ಮೊದಲ ಸ್ಥಾನ ಪಡೆದಿದ್ದ ಕಾಲೇಜು ಹುಡುಗಿ ತಡೆದು ನಿಲ್ಲಿಸಿದಳು.

"ಕೊನೇ ಹತ್ತರಲ್ಲಿ 94 ಹೊಡೆದಿದೀಯಲ್ಲೇ. ನಿನ್ನ ಲೆಕ್ಕ ಅದು. ಮೊದಲಿನ 82 ಆ ನಕ್ಕವರ ಲೆಕ್ಕ. ನನ್ನ ಮೊದಲ ಸ್ಪರ್ಧೇಲಿ ನಂಗೆ 78 ಬಂದಿತ್ತು ಕಣೇ, ಮನೆಗೆ ಹೋಗಿ ಅತ್ತುಬಿಟ್ಟಿದ್ದೆ."

ಹೇಳುತ್ತಲೇ ತನ್ನ ಡಬ್ಬಿಯಲ್ಲಿ ಉಳಿದಿದ್ದ ಪೆಲೆಟ್‌ಗಳನ್ನು ಅವಳ ಕೈಗಿತ್ತಳು. ಆ ಅರ್ಧ ಡಬ್ಬಿಯ ಬೆಲೆ ಹೆಚ್ಚೇನಲ್ಲ. ಆದರೆ ಬಸ್ಸಿನಲ್ಲಿ ಮನೆ ತಲುಪುವವರೆಗೂ ಹುಡುಗಿ ಆ 94ರ ಮಾತನ್ನೇ ಆಡುತ್ತಿದ್ದಳು. 82ನ್ನು ಮರೆತೇಬಿಟ್ಟಿದ್ದಳು.

ಹೊಸಬರಿಗೆ ನೆರವು ಬೇಕಾಗುವುದು ಇಂತಹ ಸಮಯದಲ್ಲಿ. ಖೇಲೋ ಇಂಡಿಯಾದಂತಹ ಯೋಜನೆಗಳ ಭತ್ಯೆ ಆಯ್ಕೆಯಾದವರಿಗೆ ಸಿಗುತ್ತದೆ; ಆಯ್ಕೆಯಾಗುವ ಮಟ್ಟಕ್ಕೆ ಏರುವವರೆಗಿನ ದಾರಿಯನ್ನು ಕ್ಲಬ್ಬಿನ ರೈಫಲ್, ಎರವಲು ಕೋಟು, ಹಿರಿಯರ ಒಂದು ಒಳ್ಳೆಯ ಮಾತು ಇವುಗಳಿಂದಲೇ ಸವೆಸಬೇಕು. ಮೇಲೇರಿದವರಿಗೂ ಎಲ್ಲವೂ ಖಚಿತವೇನಲ್ಲ. ಕರ್ನಾಟಕದ ತಿಲೋತ್ತಮಾ ಸೇನ್ 2023ರಲ್ಲಿ ಕೊರಿಯಾದ ಚಾಂಗ್ವಾನ್‌ನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಏರ್ ರೈಫಲ್ ಬೆಳ್ಳಿ ಗೆದ್ದು ದೇಶಕ್ಕೆ ಒಲಿಂಪಿಕ್ ಸ್ಥಾನ ತಂದರು. ಆದರೆ ಆ ಸ್ಥಾನ ದೇಶಕ್ಕೆ ಸೇರಿದ್ದು. ಆಯ್ಕೆ ಸ್ಪರ್ಧೆಗಳ ನಂತರ ಪ್ಯಾರಿಸ್‌ಗೆ ಹೋದವರು ಬೇರೆಯವರು. ಪದಕದ ಭರವಸೆಯನ್ನೇ ಅಡವಿಟ್ಟು ಸಾಲ ತರುವ ಮುನ್ನ ಪಾಲಕರು ಇದನ್ನು ನೆನೆಯಬೇಕು.

ವರ್ಷ ತುಂಬಿದ ಮೇಲೆ ಹಿರಿಯರೇ, "ಈಗ ನೋಡಬಹುದು" ಎಂದರು. ಆದರೂ ಹೊಸದಲ್ಲ. ಕ್ಲಬ್ಬಿನ ಇನ್ನೊಬ್ಬ ಹುಡುಗಿಯ ಮನೆಯವರೂ ಸೇರಿ, ಇಬ್ಬರಿಗೂ ಒಂದೇ ಹಳೆಯ ರೈಫಲ್ ಕೊಂಡರು. ಕೊಳ್ಳುವಾಗ ಹಿರಿಯರು ಮೊದಲು ನೋಡಿದ್ದು ಗಾಳಿ ತುಂಬುವ ಸಿಲಿಂಡರಿನ ಮೇಲಿನ ತಾರೀಖನ್ನು. ತಯಾರಾಗಿ ಹತ್ತು ವರ್ಷ ದಾಟಿದ ಸಿಲಿಂಡರ್ ಬಳಸುವುದು ಅಪಾಯ. ಕೆನ್ನೆಯಾನಿಕೆ, ಭುಜದಾನಿಕೆಗಳನ್ನು ಇಬ್ಬರ ಅಳತೆಗೂ ಹೊಂದಿಸಬಹುದಾಗಿತ್ತು. ಯಾರದು ಎಷ್ಟು ಎಂಬುದನ್ನು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಂಡರು. ಪಿ.ಎಫ್. ಹಣ ಹಾಗೆಯೇ ಉಳಿಯಿತು. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿ ಆ ಹಣದಲ್ಲೇ ಪಿಯುಸಿ ಸೇರಿದಳು.

ಇದುವರೆಗೆ ಅವಳಿಗೆ ಯಾವ ಪದಕವೂ ಬಂದಿಲ್ಲ. ಅಪ್ಪ ಈಗ ಆ ಲೆಕ್ಕ ಕೇಳುವುದೂ ಇಲ್ಲ. ಮೊನ್ನೆ ಭಾನುವಾರ ಶಾಲೆಯ ಬೂಟು, ಸ್ವೆಟರ್ ತೊಟ್ಟ ಹುಡುಗನೊಬ್ಬ ತಾಯಿಯ ಜೊತೆ ಕ್ಲಬ್ಬಿಗೆ ಬಂದ. ಹಿರಿಯರು ಅವನಿಗೆ ಅದೇ ಹಳೆಯ ಕೋಟು ಕೊಟ್ಟರು. ತೋಳು ಬೆರಳುಗಳನ್ನೂ ಮುಚ್ಚುವಷ್ಟು ಉದ್ದವಿತ್ತು. ಹುಡುಗ ಸುತ್ತಲೂ ನೋಡಿ ಮುಖ ಸಣ್ಣದು ಮಾಡಿಕೊಂಡ.

ಆಚೆ ಸಾಲಿನಲ್ಲಿದ್ದ ಹುಡುಗಿ ರೈಫಲನ್ನು ಮೇಜಿನ ಮೇಲಿಟ್ಟು ಬಂದಳು. ಬಗ್ಗಿ ಅವನ ತೋಳುಗಳನ್ನು ಮಡಚುತ್ತಾ, "ನಂಗೂ ಹೀಗೇ ದೊಡ್ಡದಾಗಿತ್ತು ಕಣೋ. ಬಾ, ಮೊದಲು ನಿಲ್ಲೋದು ಹೇಗೆ ಅಂತ ತೋರಿಸ್ತೀನಿ" ಎಂದಳು.