ತೂಕದ ಯಂತ್ರವೂ ನಮ್ಮ ಮನಸ್ಸೂ

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನ್ನನ್ನು ಕೇಳಿಕೊಂಡಾಗ, ಮುಖ್ಯೋಪಾಧ್ಯಾಯಿನಿಯಾದವಳು ಸ್ತ್ರೀವಿದ್ಯಾಭ್ಯಾಸವನ್ನು ಕುರಿತೋ ಶಿಸ್ತನ್ನು ಕುರಿತೋ ಬರೆಯುವಳೆಂದು ಅವರು ಎಣಿಸಿದ್ದಿರಬೇಕು. ಆ ವಿಷಯಗಳು ನಮ್ಮ ಸಂಚಿಕೆಗಳಲ್ಲಿ ಬೇಕಾದಷ್ಟು ಬಂದಿವೆ. ಈ ಸಲ ನಾನು ಬರೆಯಹೊರಟಿರುವುದು ದೇಹದ ತೂಕದ ವಿಷಯ. ಇದು ಅಲ್ಪವಾದ ವಿಷಯವೆಂದು ಯಾರಿಗಾದರೂ ತೋರಿದರೆ, ಅಂಥವರು ನಮ್ಮ ಉಪಾಧ್ಯಾಯಿನಿಯರ ಕೊಠಡಿಯಲ್ಲಿ ಮಧ್ಯಾಹ್ನ ಅರ್ಧ ಗಂಟೆ ಕುಳಿತು ಕೇಳಲಿ. ಬುತ್ತಿ ಬಿಚ್ಚುವುದಕ್ಕೆ ಮುಂಚೆಯೇ ಮಾತು ತೂಕದ ಕಡೆಗೆ ತಿರುಗುತ್ತದೆ. ಒಬ್ಬರಿಗೆ ಅರ್ಧ ಕಿಲೋ ಇಳಿದ ಸಂತೋಷ, ಇನ್ನೊಬ್ಬರಿಗೆ ಒಂದು ಕಿಲೋ ಏರಿದ ದುಃಖ. ಪಾಪ, ದುಃಖಪಟ್ಟವರು ಆ ದಿನ ಬುತ್ತಿಯನ್ನು ಮುಚ್ಚಿಟ್ಟುಬಿಡುತ್ತಾರೆ.

ಕಳೆದ ವರ್ಷ ವೈದ್ಯರು ನನ್ನ ರಕ್ತವನ್ನು ಪರೀಕ್ಷೆಮಾಡಿಸಿದಾಗ ಬರಿಹೊಟ್ಟೆಯ ಸಕ್ಕರೆ ೧೧೨ ಎಂದು ಬಂತು. ೧೦೦ಕ್ಕೆ ಕಡಮೆಯಿದ್ದರೆ ನಿಶ್ಚಿಂತೆ, ೧೨೬ನ್ನು ಮುಟ್ಟಿದರೆ ಮಧುಮೇಹ, ನಡುವಣದು ಹೊಸ್ತಿಲು. ನನ್ನ ತಾಯಿ ಆ ರೋಗದಿಂದಲೇ ಕಡೆಯ ದಿನಗಳಲ್ಲಿ ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡವರು. ನಾನು ಊರಿನಿಂದ ಬರೆದ ಕಾಗದಗಳನ್ನು ಅವರಿಗೆ ನೆರೆಮನೆಯ ಹುಡುಗಿಯೊಬ್ಬಳು ಓದಿ ಹೇಳಬೇಕಾಗಿತ್ತು. ಆದುದರಿಂದ ಆ ೧೧೨ ಎಂಬ ಅಂಕಿ ನನಗೆ ಬರಿಯ ಅಂಕಿಯಾಗಿರಲಿಲ್ಲ. ಆಗ ನನ್ನ ತೂಕ ೭೪ ಕಿಲೋಗ್ರಾಂ. ಅವಸರಪಡದೆ ಐದು ಕಿಲೋ ಇಳಿಸಬೇಕೆಂದು ವೈದ್ಯರು ಹೇಳಿದರು. ಅನ್ನವನ್ನು ಅರ್ಧ ಮಾಡಿ ಸೊಪ್ಪು, ಕಾಳು, ಹುರುಳಿಕಾಯಿಗಳನ್ನು ಹೆಚ್ಚಿಸಿದೆ. ಕಾಫಿಯ ಸಕ್ಕರೆಯನ್ನು ಬಿಟ್ಟೆ. ಪ್ರಾತಃಕಾಲದಲ್ಲಿ ನಲವತ್ತು ನಿಮಿಷ ನಡೆಯತೊಡಗಿದೆ. ಮೊದಲನೆಯ ವಾರದಲ್ಲಿಯೇ ೧.೮ ಕಿಲೋ ಇಳಿಯಿತು. ಎಲ್ಲರೂ ಅಭಿನಂದಿಸಿದರು. ಮೂರನೆಯ ವಾರದಲ್ಲಿ ಒಂದು ಮದುವೆಗೆ ಹೋಗಿಬಂದ ಮರುದಿನ ಯಂತ್ರವು ೭೧.೮ರಿಂದ ೭೩.೦ಕ್ಕೆ ಹಾರಿತು. ಒಂದೇ ರಾತ್ರಿಯಲ್ಲಿ ೧.೨ ಕಿಲೋ! ಆಗ ಅಭಿನಂದಿಸುವವರು ಯಾರೂ ಇರಲಿಲ್ಲ.

ಲೆಕ್ಕ ಹೇಳಿಕೊಡುವವಳಿಗೆ ಇಂಥ ಸಮಯದಲ್ಲಿ ಲೆಕ್ಕವೇ ಊರುಗೋಲು. ಒಂದು ಕಿಲೋ ಕೊಬ್ಬು ದೇಹದಲ್ಲಿ ಸೇರಬೇಕಾದರೆ, ಆ ದಿನದ ಅಗತ್ಯಕ್ಕಿಂತ ಮೇಲೆ ಸುಮಾರು ೭,೭೦೦ ಕ್ಯಾಲೊರಿ ಆಹಾರ ಬೇಕು. ಒಂದು ಸಾದಾ ದೋಸೆಗೆ ಸುಮಾರು ೧೫೦ ಕ್ಯಾಲೊರಿಯೆಂದು ಇಟ್ಟುಕೊಂಡರೂ, ಹೊಟ್ಟೆತುಂಬ ಉಂಡ ಮೇಲೆ ಮತ್ತೆ ಐವತ್ತಕ್ಕಿಂತ ಹೆಚ್ಚು ದೋಸೆಗಳನ್ನು ತಿನ್ನಬೇಕಾಗುತ್ತದೆ. ಮದುವೆಯ ಮನೆಯವರು ಬಲವಂತಮಾಡಿ ಬಡಿಸಿದ್ದು ನಿಜವೇ. ಆದರೂ ಅಷ್ಟು ಬಲವಂತವನ್ನು ಯಾರೂ ಮಾಡಲಾರರು. ಹಾಗಾದರೆ ಏರಿದ್ದೇನು? ನೀರು. ಹಪ್ಪಳ, ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ ಇವುಗಳ ಮೂಲಕ ಹೊಟ್ಟೆಗೆ ಸೇರಿದ ಉಪ್ಪು ತನ್ನ ಹದಕ್ಕೆ ತಕ್ಕಷ್ಟು ನೀರನ್ನು ದೇಹದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಏರಿಸುವ ಲವಣಜಲವನ್ನು ನೆನೆದುಕೊಳ್ಳಿರಿ. ರಕ್ತದ ಹದಕ್ಕೆ ಹೊಂದುವ ಆ ಜಲದಲ್ಲಿ ಲೀಟರಿಗೆ ೯ ಗ್ರಾಂ ಉಪ್ಪಿರುತ್ತದೆ. ದಿನವೊಂದಕ್ಕೆ ೫ ಗ್ರಾಮಿಗಿಂತ ಕಡಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮದುವೆಯ ಎಲೆಯ ತುದಿಯಲ್ಲಿ ಆ ಸಲಹೆಗೆ ಸ್ಥಳವೆಲ್ಲಿ? ಮೂತ್ರಪಿಂಡಗಳು ಹೆಚ್ಚಿನ ಉಪ್ಪನ್ನು ಹೊರಗೆ ಹಾಕುವುದಕ್ಕೆ ಒಂದೆರಡು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಒಂದು ಲೀಟರ್ ನೀರು ಉಳಿದರೆ ಒಂದು ಕಿಲೋ ತೂಕ ಉಳಿಯಿತೆಂದೇ ಅರ್ಥ. ನಾಲ್ಕನೆಯ ದಿನ ನನ್ನ ತೂಕ ೭೧.೬ ಆಗಿತ್ತು. ಅಷ್ಟರಲ್ಲಿ ನಾನು ಒಂದು ಹೊತ್ತಿನ ಊಟವನ್ನೂ ಬಿಟ್ಟಿರಲಿಲ್ಲ.

ಮೊದಲನೆಯ ವಾರದ ಆ ಸಂತೋಷದಲ್ಲಿಯೂ ನೀರಿನ ಪಾಲೇ ಹೆಚ್ಚಾಗಿತ್ತೆಂಬುದನ್ನು ಇಲ್ಲಿ ಹೇಳದಿದ್ದರೆ ನ್ಯಾಯವಾಗದು. ನಾವು ಉಂಡ ಅನ್ನದ ಒಂದು ಭಾಗ ಗ್ಲೈಕೊಜೆನ್ ಎಂಬ ರೂಪದಲ್ಲಿ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಸಂಗ್ರಹವಾಗಿರುತ್ತದೆ. ಅದರ ಮೊತ್ತ ಹೆಚ್ಚೆಂದರೆ ಅರ್ಧ ಕಿಲೋ. ಆದರೆ ಪ್ರತಿಯೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಜೊತೆಗೆ ಇಟ್ಟುಕೊಂಡಿರುತ್ತದೆ. ಅನ್ನವನ್ನು ತಗ್ಗಿಸಿದ ಕೂಡಲೇ ಈ ಉಗ್ರಾಣದಿಂದ ಖರ್ಚು ಮೊದಲಾಗಿ ನೀರೂ ಹೊರಟುಹೋಗುತ್ತದೆ. ಪುನಃ ಒಂದು ದಿನ ಹೊಟ್ಟೆತುಂಬ ಉಂಡರೆ ಉಗ್ರಾಣವೂ ನೀರೂ ಹಿಂದಿರುಗುತ್ತವೆ. ಇಳಿದಾಗ ಜಯಘೋಷ ಮಾಡಿದವರಿಗೆ ಏರಿದಾಗ ಅಳುವುದು ಅನಿವಾರ್ಯ. ಎರಡೂ ನೀರಿನ ಲೆಕ್ಕವೆಂದು ತಿಳಿದವರಿಗೆ ಎರಡೂ ಇಲ್ಲ.

ಈ ಏರಿಳಿತವನ್ನು ನಾಲ್ಕು ನೂರು ವರ್ಷಗಳ ಹಿಂದೆಯೇ ಒಬ್ಬ ಮಹಾನುಭಾವನು ಅಳೆದು ನೋಡಿದ್ದಾನೆ. ಇಟಲಿ ದೇಶದ ಪಾದುವಾ ನಗರದಲ್ಲಿ ವೈದ್ಯಶಾಸ್ತ್ರವನ್ನು ಬೋಧಿಸುತ್ತಿದ್ದ ಸಾಂಟೋರಿಯೊ (೧೫೬೧–೧೬೩೬) ಎಂಬಾತನು ದೊಡ್ಡದೊಂದು ತಕ್ಕಡಿಗೆ ಕುರ್ಚಿಯನ್ನು ತೂಗುಹಾಕಿಸಿ, ಇಪ್ಪತ್ತೈದು ಮೂವತ್ತು ವರ್ಷಗಳ ಕಾಲ ತನ್ನನ್ನೂ, ತಾನು ತಿಂದುದನ್ನೂ, ಕುಡಿದುದನ್ನೂ, ವಿಸರ್ಜಿಸಿದುದನ್ನೂ ತೂಗಿ ಬರೆದಿಟ್ಟನು. ತಿಂದು ಕುಡಿದ ಎಂಟು ಪೌಂಡುಗಳಲ್ಲಿ ಸುಮಾರು ಐದು ಪೌಂಡು ಕಣ್ಣಿಗೆ ಕಾಣದಂತೆ ಚರ್ಮದಿಂದಲೂ ಉಸಿರಿನಿಂದಲೂ ಹೋಗುತ್ತದೆಂದು ಅವನು ಲೆಕ್ಕ ಹಾಕಿ, ೧೬೧೪ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ನಾವು ನಿದ್ರೆಮಾಡುವಾಗಲೂ ಉಸಿರಿನ ತೇವವಾಗಿಯೂ ಬೆವರಾಗಿಯೂ ಕೆಲವು ನೂರು ಗ್ರಾಂ ಹೋಗುತ್ತಲೇ ಇರುತ್ತದೆ. ಸಾಯಂಕಾಲ ತೂಗಿಕೊಂಡವರಿಗೂ ಬೆಳಗ್ಗೆ ತೂಗಿಕೊಂಡವರಿಗೂ ಒಂದೇ ಅಂಕಿ ಬರುವುದೆಂತು? (ಸಾಂಟೋರಿಯೊವಿನ ಮನೆಯವರು ಈ ಊಟದ ಕುರ್ಚಿಯನ್ನು ನೋಡಿ ಏನೆಂದರೋ, ಚರಿತ್ರೆ ಹೇಳುವುದಿಲ್ಲ.)

ಸ್ತ್ರೀಯರಿಗೆ ಇನ್ನೊಂದು ಕಾರಣವುಂಟು. ಇದನ್ನು ಶಾಲೆಯ ಸಂಚಿಕೆಯಲ್ಲಿ ಬರೆಯಬಹುದೇ ಎಂದು ಕೆಲವು ಹಿರಿಯರು ಹುಬ್ಬುಗಂಟಿಕ್ಕಬಹುದು. ಸ್ತ್ರೀಯರ ಶಾಲೆಯಲ್ಲಿ ಬರೆಯದೆ ಮತ್ತೆಲ್ಲಿ ಬರೆಯುವುದು? ಮುಟ್ಟಿಗೆ ಮುಂಚಿನ ದಿನಗಳಲ್ಲಿ ಅನೇಕರ ದೇಹದಲ್ಲಿ ನೀರು ಕೂಡಿಕೊಂಡು ತೂಕವು ಅರ್ಧ ಕಿಲೋದಿಂದ ಎರಡು ಕಿಲೋವರೆಗೆ ಏರುವುದುಂಟು. ಕೈಬಳೆ ಬಿಗಿಯಾಗುವುದು, ಹೊಟ್ಟೆ ಉಬ್ಬುವುದು ಇದರ ಗುರುತುಗಳು. ಮುಟ್ಟು ಆರಂಭವಾದ ಕೆಲವು ದಿನಗಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಆದುದರಿಂದ ಈ ವಾರವನ್ನು ಕಳೆದ ವಾರದೊಡನೆ ಹೋಲಿಸುವುದಕ್ಕಿಂತ, ಈ ತಿಂಗಳ ಆ ದಿನಗಳನ್ನು ಕಳೆದ ತಿಂಗಳ ಅವೇ ದಿನಗಳೊಡನೆ ಹೋಲಿಸುವುದು ಯುಕ್ತ.

ಇನ್ನು ನನ್ನ ನೋಟುಬುಕ್ಕಿನ ಎರಡು ವಾರಗಳನ್ನು ಇಲ್ಲಿ ಕೊಡುತ್ತೇನೆ. ಮದುವೆಯ ಮುಂದಿನ ವಾರದ ಏಳು ಬೆಳಗುಗಳು: ೭೧.೪, ೭೦.೯, ೭೧.೮, ೭೨.೧, ೭೧.೨, ೭೦.೮, ೭೧.೦. ಅದರ ಮುಂದಿನ ವಾರ: ೭೧.೩, ೭೦.೬, ೭೦.೫, ೭೧.೯, ೭೧.೬, ೭೦.೭, ೭೦.೪. ಎರಡನೆಯ ವಾರದ ನಾಲ್ಕನೆಯ ದಿನದ ೭೧.೯ನ್ನು ಮೊದಲನೆಯ ವಾರದ ಮೊದಲನೆಯ ದಿನದ ೭೧.೪ರ ಪಕ್ಕದಲ್ಲಿ ಇಟ್ಟು ನೋಡಿದವಳು, ಹತ್ತು ದಿನಗಳ ಪಥ್ಯವೆಲ್ಲಾ ನೀರಿನಲ್ಲಿ ಹೋಮಮಾಡಿದಂತಾಯಿತೆಂದು ಕೈಚೆಲ್ಲುವಳು. ಸರಾಸರಿಯನ್ನು ತೆಗೆಯಿರಿ: ಮೊದಲನೆಯದು ೭೧.೩, ಎರಡನೆಯದು ೭೧.೦. ೩೦೦ ಗ್ರಾಂ ಇಳಿದಿದೆ. ಏಳನೆಯ ತರಗತಿಯ ಹುಡುಗಿಗೂ ಬರುವ ಈ ಲೆಕ್ಕವನ್ನು ಪದವೀಧರೆಯರಾದ ನನ್ನ ಸಹೋದ್ಯೋಗಿಗಳು ತಮ್ಮ ದೇಹದ ವಿಷಯದಲ್ಲಿ ಮಾತ್ರ ಏಕೆ ಮರೆಯುತ್ತಾರೋ ತಿಳಿಯದು. ವಾರಕ್ಕೆ ೩೦೦ ಗ್ರಾಂ ಎಂದರೆ ದಿನಕ್ಕೆ ಸುಮಾರು ೪೩ ಗ್ರಾಂ. ಒಂದು ಲೋಟ ಮಜ್ಜಿಗೆಯ ತೂಕ ೨೦೦ ಗ್ರಾಂ. ಕರಗಿದ ಕೊಬ್ಬು ಆ ಒಂದು ಲೋಟದ ಹಿಂದೆಯೇ ಅಡಗಿಹೋಗುತ್ತದೆ. ಅದನ್ನು ಒಂದು ದಿನದ ಅಂಕಿಯಲ್ಲಿ ಹುಡುಕುವುದು ಸಂತೆಯ ಗದ್ದಲದಲ್ಲಿ ಪಿಸುಮಾತನ್ನು ಕೇಳಹೋದ ಹಾಗೆ.

ತೂಗಿಕೊಳ್ಳುವ ಕ್ರಮವೇನೂ ಕಷ್ಟವಲ್ಲ. ಬೆಳಗ್ಗೆ ಎದ್ದು ಶೌಚವನ್ನು ಮುಗಿಸಿ, ಏನನ್ನೂ ಸೇವಿಸುವ ಮುಂಚೆ, ಹಗುರವಾದ ಉಡುಪಿನಲ್ಲಿ, ಒಂದೇ ಯಂತ್ರವನ್ನು ಗಟ್ಟಿನೆಲದ ಮೇಲಿಟ್ಟು ನಿಲ್ಲಬೇಕು. ಅಂಕಿಯನ್ನು ಬರೆದಿಟ್ಟು ಭಾನುವಾರ ಸರಾಸರಿ ತೆಗೆದರಾಯಿತು. ಪ್ರತಿದಿನ ನೋಡಿದರೆ ಮನಸ್ಸು ಕಲಕುವುದೆನ್ನುವವರು ವಾರಕ್ಕೊಮ್ಮೆ ನೋಡಿದರೂ ಸಾಕು. ಆದರೆ ಆ ಒಂದು ದಿನವೇ ಉಬ್ಬಿದ ದಿನವಾಗಿರಬಹುದೆಂಬುದು ನೆನಪಿರಲಿ. ಹೊಸದಾಗಿ ವ್ಯಾಯಾಮವನ್ನು ಆರಂಭಿಸಿದವರಿಗೆ ನೊಂದ ಸ್ನಾಯುಗಳಲ್ಲಿ ಕೆಲವು ದಿನ ನೀರು ನಿಲ್ಲುವುದರಿಂದಲೂ ತೂಕ ಏರುವುದುಂಟು. ಹಿಂದೆ ರೈಲ್ವೆ ನಿಲ್ದಾಣಗಳಲ್ಲಿ ಬಣ್ಣದ ದೀಪಗಳು ತಿರುಗುವ ಯಂತ್ರಕ್ಕೆ ನಾಣ್ಯವನ್ನು ಹಾಕಿದರೆ ಒಂದು ಚೀಟಿ ಬೀಳುತ್ತಿತ್ತು. ಒಂದು ಮೈಯಲ್ಲಿ ತೂಕ, ಇನ್ನೊಂದು ಮೈಯಲ್ಲಿ ಭವಿಷ್ಯ. ಭವಿಷ್ಯವನ್ನು ಓದಿ ನಕ್ಕುಬಿಡುತ್ತಿದ್ದೆವು. ಈಗಿನವರು ತೂಕದ ಅಂಕಿಯನ್ನೇ ಭವಿಷ್ಯವೆಂದು ನಂಬಿಕೊಂಡಿದ್ದಾರೆ.

ನಗುವ ವಿಷಯವಲ್ಲದ ಒಂದು ಸಂಗತಿಯನ್ನು ಈಗ ಹೇಳಬೇಕಾಗಿದೆ. ಹಿಂದಿನ ಒಂದು ವರ್ಷದಲ್ಲಿ ಹತ್ತನೆಯ ತರಗತಿಯ ಬಾಲಿಕೆಯೊಬ್ಬಳು ಬೆಳಗಿನ ಸಭೆಯಲ್ಲಿ ಕಣ್ಣು ಕತ್ತಲೆ ಬಂದು ಕುಸಿದಳು. ವಿಚಾರಿಸಲಾಗಿ, ಸೋಮವಾರ ೪೭ ಇದ್ದ ತನ್ನ ತೂಕ ಗುರುವಾರ ೪೮.೩ ಆಯಿತೆಂದು, ಅಂದಿನಿಂದ ನೀರು ಬಿಟ್ಟು ಹೆಚ್ಚೇನನ್ನೂ ಆಕೆ ಸೇವಿಸಿರಲಿಲ್ಲವೆಂದು ತಿಳಿದುಬಂತು. ದಿನಕ್ಕೆ ನಾಲ್ಕು ಸಲ ಯಂತ್ರದ ಮೇಲೆ ನಿಲ್ಲುತ್ತಿದ್ದಳಂತೆ. ಊಟಮಾಡಿಸಿ, ವಿಶ್ರಾಂತಿ ಕೊಟ್ಟ ಮೇಲೆ, ಆಕೆಯನ್ನು ಯಂತ್ರದ ಮೇಲೆ ನಿಲ್ಲಿಸಿ ಅಂಕಿಯನ್ನು ಓದಿಸಿದೆ. ಇಳಿಸಿ, ಎರಡು ಲೋಟ ನೀರು ಕುಡಿಸಿ, ಮತ್ತೆ ನಿಲ್ಲಿಸಿದೆ. ೪೦೦ ಗ್ರಾಂ ಹೆಚ್ಚಿತ್ತು. “ಈ ಎರಡು ನಿಮಿಷದಲ್ಲಿ ನೀನು ದಪ್ಪಗಾದೆಯೇನಮ್ಮಾ?” ಎಂದು ಕೇಳಿದೆ. ನಕ್ಕಳು. ಆದರೆ ಒಂದು ನಗುವಿನಿಂದ ತೀರುವ ಭಯ ಅದಾಗಿರಲಿಲ್ಲ. ತಾಯಿಯನ್ನು ಕರೆಸಿ, ವೈದ್ಯೆಯೊಬ್ಬರ ಸಲಹೆಯನ್ನು ಪಡೆದು, ಆಕೆ ಗೆಳತಿಯರೊಡನೆ ಕುಳಿತು ನಿರ್ಭಯವಾಗಿ ಉಣ್ಣುವಂತಾಗುವುದಕ್ಕೆ ಒಂದು ಅವಧಿಯೇ ಹಿಡಿಯಿತು. ಬೆಳೆಯುವ ವಯಸ್ಸಿನಲ್ಲಿ ಎಲುಬು, ರಕ್ತ, ಸ್ನಾಯು ಎಲ್ಲವೂ ಕೂಡುತ್ತಿರುತ್ತವೆ; ವರ್ಷಕ್ಕೆ ನಾಲ್ಕೈದು ಕಿಲೋ ಏರುವುದು ಸಹಜ. ಅಂಥ ಬಾಲಿಕೆಯರು ವೈದ್ಯರು ಹೇಳದ ಹೊರತು ಪಥ್ಯದ ಹೆಸರನ್ನೇ ಎತ್ತಲಾಗದು. ನಲವತ್ತು ದಾಟಿದ ನಮಗೆ ಹೇಳಿದ ಮಾತನ್ನು ಹದಿನೈದರ ಮಕ್ಕಳು ಕೇಳಿಸಿಕೊಳ್ಳುತ್ತಾರೆಂಬುದನ್ನು ಉಪಾಧ್ಯಾಯಿನಿಯರ ಕೊಠಡಿಯಲ್ಲಿ ಒಂದು ದಿನ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಯಿತು.

ಅಂಕಿಯೊಂದೇ ಆರೋಗ್ಯವಲ್ಲವೆಂಬುದಕ್ಕೆ ನಮ್ಮ ದಕ್ಷಿಣ ದೇಶದಲ್ಲಿಯೇ ನಡೆದ ಸಂಶೋಧನೆಯ ಸಾಕ್ಷ್ಯವಿದೆ. ಚೆನ್ನೈ ನಗರದ ವೈದ್ಯರಾದ ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು ಮಧುಮೇಹದ ಹೊಸ್ತಿಲಲ್ಲಿದ್ದ ೫೩೧ ಜನರನ್ನು ಕೆಲವು ವರ್ಷ ಗಮನಿಸಿ ೨೦೦೬ರಲ್ಲಿ ಫಲವನ್ನು ಪ್ರಕಟಿಸಿದರು. ಆಹಾರವನ್ನು ತಿದ್ದಿಕೊಂಡು ನಡಿಗೆಯನ್ನು ರೂಢಿಮಾಡಿಕೊಂಡವರಲ್ಲಿ ರೋಗವು ನೂರಕ್ಕೆ ೨೮.೫ರಷ್ಟು ಕಡಮೆಯಾಯಿತು, ಅವರ ತೂಕದಲ್ಲಿಯಾದರೋ ಹೇಳಿಕೊಳ್ಳುವಂಥ ಇಳಿತವೇ ಇರಲಿಲ್ಲ. ಯಂತ್ರ ಮೌನವಾಗಿದ್ದಾಗಲೂ ಒಳಗೆ ಕೆಲಸ ನಡೆಯುತ್ತಿತ್ತು. ಸೊಂಟದ ಅಳತೆ, ಮೆಟ್ಟಿಲು ಹತ್ತುವಾಗಿನ ಉಸಿರು, ರಕ್ತದ ಪರೀಕ್ಷೆ ಇವೂ ಸಾಕ್ಷಿಗಳೇ.

ಎಲ್ಲಾ ಏರಿಕೆಯೂ ನಿರಪಾಯವೆಂದು ನನ್ನ ಮಾತಿನ ಅರ್ಥವಲ್ಲ. ಪಾದಗಳು ಬಾತುಕೊಂಡು, ಉಸಿರು ಕಟ್ಟಿದಂತಾಗಿ, ಒಂದು ವಾರದೊಳಗೆ ಎರಡು ಕಿಲೋಗಿಂತ ಮೇಲೆ ಏರಿದರೆ, ಮುಖ್ಯವಾಗಿ ಹೃದಯರೋಗವೋ ಮೂತ್ರಪಿಂಡದ ರೋಗವೋ ಉಳ್ಳವರು, ತಡಮಾಡದೆ ವೈದ್ಯರನ್ನು ಕಾಣಬೇಕು. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಾ ಹೋಗುವುದೂ ಹಾಗೆಯೇ.

ನನ್ನ ಸರಾಸರಿ ಈಗ ೬೮.೫, ಬರಿಹೊಟ್ಟೆಯ ಸಕ್ಕರೆ ೯೭. ನಮ್ಮ ಶಾಲೆಯಲ್ಲಿ ವೈದ್ಯಪರೀಕ್ಷೆಯ ದಿನ ತೂಕವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಕೂಗಿ ಹೇಳುವ ಪದ್ಧತಿ ನಿಂತುಹೋಗಿದೆ. ಯಂತ್ರವನ್ನು ದಾದಿಯ ಕೊಠಡಿಯಲ್ಲಿ ಪರದೆಯ ಹಿಂದೆ ಇಡಿಸಿದ್ದೇನೆ. ಎತ್ತರವನ್ನೂ ತೂಕವನ್ನೂ ಒಟ್ಟಿಗೆ ಬರೆದ ಚೀಟಿಯು ಲಕೋಟೆಯಲ್ಲಿ ಮನೆಗೆ ಹೋಗುತ್ತದೆ, ವರ್ಷಕ್ಕೆ ಎರಡು ಸಲ ಮಾತ್ರ.